ಗೋದಾವರಿಯ ಓಣಿ ಬಾಗಿಲು

ಬೇಗಂ ಬಜಾರಿನ ಸ್ಟೀಲ್ ಪಾತ್ರೆ ಅಂಗಡಿಗಳ ಸಾಲಿನ ಹಿಂದೆ ಒಂದು ಓಣಿಯಿದೆ. ಎದುರಿನಿಂದ ಹೊರೆಯಾಳು ಬಂದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾಗುವಷ್ಟು ಇಕ್ಕಟ್ಟಿನ ಓಣಿ. ಅದಕ್ಕೆ ತೆರೆದುಕೊಳ್ಳುವ ಹಸಿರು ಬಾಗಿಲೊಂದನ್ನು ಬಜಾರಿನ ಹೆಂಗಸರೆಲ್ಲ ಬಲ್ಲರು. ಗಂಡಸರಲ್ಲಿ ಬಹಳ ಮಂದಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ಗೊತ್ತಿಲ್ಲ. ನಿಂಬೆಹಣ್ಣು ಮಾರುವವರು, ಗೋದಾಮುಗಳಲ್ಲಿ ಗೋಡಂಬಿ ಆರಿಸುವವರು, ಮದುವೆಯ ಪಾತ್ರೆ ಕೊಳ್ಳಲು ದೂರದ ಊರಿನಿಂದ ಬಂದು ಮಧ್ಯಾಹ್ನದ ಹೊತ್ತಿಗೆ ಮುಖ ಸಪ್ಪಗೆ ಮಾಡಿಕೊಂಡು ಅತ್ತಿತ್ತ ನೋಡುವವರು, ಇಂಥವರ ಕಿವಿಯಲ್ಲಿ ಯಾರಾದರೂ ಹೇಳುತ್ತಾರೆ: "ಪೀಛೆ ಗಲ್ಲಿ ಮೇ, ಹರಾ ದರ್ವಾಜಾ." ದೂಡಿದರೆ ಸಾಕು, ತೆರೆದುಕೊಳ್ಳುತ್ತದೆ. ಒಳಗೆ ಸಣ್ಣ ಅಂಗಳ, ಒಂದು ನಲ್ಲಿ, ಮೂಲೆಯಲ್ಲಿ ತೊಳೆದು ಸ್ವಚ್ಛವಾಗಿಟ್ಟ ಪಾಯಖಾನೆ. ಯಾರು, ಎಲ್ಲಿಂದ ಬಂದೆ ಎಂದು ಕೇಳುವವರಿಲ್ಲ.

ಅದು ಗೋದಾವರಿಯ ಮನೆ. ಹುಮನಾಬಾದಿನಿಂದ ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗಂಡ ವೆಂಕಟೇಶನದು ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿದ ಮನೆತನ. ಹೊರಗೆ ಉರ್ದು, ತೆಲುಗು, ಹೊಸ್ತಿಲೊಳಗೆ ಕನ್ನಡ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವಳು ಬಾಗಿಲಲ್ಲಿ ನಿಂತು ಒಬ್ಬ ಮುದುಕಿಯಿಂದ ನಿಂಬೆಹಣ್ಣು ಕೊಂಡಳು. ಬಿಸಿಲಿಗೆ ಮುದುಕಿಯ ತುಟಿಗಳು ಒಡೆದು ಬಿಳುಚಿದ್ದವು. ಗೋದಾವರಿ ಒಂದು ತಂಬಿಗೆ ನೀರು ತಂದು ಚಾಚಿದಳು. ಮುದುಕಿ ಕೈ ಅಡ್ಡ ಹಿಡಿದಳು.

"ಬ್ಯಾಡವ್ವಾ. ಕುಡದ್ರ ಹೋಗೂದೆಲ್ಲಿ? ಸಂಜೀಕ ಮನಿ ಮುಟ್ಟೂತನಕ ತಡಕೋಬೇಕಲ್ಲ."

ಆ ಮಾತು ಗೋದಾವರಿಯ ಮನಸ್ಸಿನಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಅಂದಿನಿಂದ ಬಜಾರಿನಲ್ಲಿ ಹೋಗುವಾಗ ಬರುವಾಗ ಅವಳ ಕಣ್ಣು ಹೆಂಗಸರಿಗೆ ಹೋಗಲು ಜಾಗವೆಲ್ಲಿದೆ ಎಂದೇ ಹುಡುಕತೊಡಗಿತು. ಸುತ್ತಲೂ ಹೆಂಗಸರು, ಬೆಳಗಿನಿಂದ ಸಂಜೆಯತನಕ, ಒಣಗಿದ ಗಂಟಲು. ಒಂದು ದಿನ ಓಣಿಯ ಕಡೆಯ ಬಾಗಿಲಿನ ಅಗಳಿ ತೆಗೆದು ಮುದುಕಿಯನ್ನು ತಾನೇ ಒಳಗೆ ಕರೆತಂದಳು. ಮರುದಿನ ಮುದುಕಿ ಇನ್ನೊಬ್ಬಳನ್ನು ಕರೆತಂದಳು. "ಊರ ಮಂದಿ ಬಂದು ಹೋದ್ರ ತೊಳಿಯಾಕಿ ಯಾರು?" ಎಂದು ಅತ್ತೆ ಕೇಳಿದರು. "ನಾ ತೊಳಿತೀನ್ರಿ" ಎಂದಳು ಗೋದಾವರಿ. ಆ ಚಾತುರ್ಮಾಸವೆಲ್ಲ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಗೋದಾವರಿ ಬೆಳಗಿನ ಜಾವ ಎದ್ದು, ಸೆರಗು ಸಿಕ್ಕಿಸಿ, ಫಿನಾಯಿಲ್ ಹಾಕಿ ತೊಳೆದು, ಆಮೇಲೆ ಸ್ನಾನ ಮಾಡಿ ಒಲೆ ಹಚ್ಚುತ್ತಿದ್ದಳು. ಅತ್ತೆ ಹೋದರು, ಮುದುಕಿ ಹೋದಳು, ಮುದುಕಿಯ ಸೊಸೆ ಪಾರ್ವತಿಬಾಯಿ ಓಣಿಯ ಬಾಯಲ್ಲಿ ಅದೇ ಬುಟ್ಟಿ ಇಟ್ಟುಕೊಂಡು ಕೂತಳು. ಗೋದಾವರಿಯ ಕೂದಲು ನೆರೆಯಿತು. ತೊಳೆಯುವುದು ಮಾತ್ರ ತಪ್ಪಲಿಲ್ಲ. ಗೋಡೆಯ ಗೂಡಿನಲ್ಲಿ ಸೋಪು ಇಡುತ್ತಿದ್ದಳು. ತಿಂಗಳ ತೊಂದರೆಗೆ ಮೊದಲೆಲ್ಲ ಒಗೆದ ಅರಿವೆ ಇಡುತ್ತಿದ್ದವಳು ಈಗ ಅಂಗಡಿಯ ಪ್ಯಾಡಿನ ಪೊಟ್ಟಣ ಇಡುತ್ತಿದ್ದಳು. ಯಾರಾದರೂ ಪುಣ್ಯದ ಮಾತೆತ್ತಿದರೆ ಅವಳಿಗೆ ಸಿಡುಕು ಬರುತ್ತಿತ್ತು.

"ಪುಣ್ಯಾ ಏನ ಬಂತು ಇದರಾಗ? ಬಾಗಲಾ ತಗದೀನಿ, ಅಷ್ಟ."

ಒಂದು ವರ್ಷ ದಸರೆಯ ಆಸುಪಾಸಿನಲ್ಲಿ ಅಂಗಳದಲ್ಲಿದ್ದ ತಾಮ್ರದ ಹಂಡೆ ಕಳುವಾಯಿತು. ಅಜ್ಜಿಯ ಕಾಲದ್ದು, ಇಬ್ಬರು ಹಿಡಿದರೆ ಮಾತ್ರ ಏಳುವಂಥದ್ದು. ವೆಂಕಟೇಶ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೀರಾವರಿ ಕಚೇರಿಯಲ್ಲಿ ನೌಕರಿಯುದ್ದಕ್ಕೂ ಯಾರ ಜೊತೆಯೂ ಜಗಳವಾಡದೆ ನಿವೃತ್ತನಾದ ಮನುಷ್ಯ ಅವನು. ಮೂರನೆಯ ದಿನ ಒಂದು ದಪ್ಪನೆಯ ಬೀಗ ಕೊಂಡು ತಂದು ಊಟದ ಮೇಜಿನ ಮೇಲಿಟ್ಟ.

"ಗೋದಾ, ಇಷ್ಟ ವರ್ಷ ನಾ ಒಂದು ಮಾತು ಅಂದೀನೇನು? ಈಗ ಅನ್ನಾಕತ್ತೀನಿ. ಸಾಕು."

ಸನತ್‌ನಗರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಮಗ ಆಶಿಷ್ ತಂದೆಯ ಕಡೆಯೇ ಮಾತಾಡಿದ. ಸೊಸೆ ಪ್ರಾಜಕ್ತಾ ಮೊದಲು ಸುಮ್ಮನಿದ್ದಳು. ಬೇಗಂಪೇಟೆಯ ಕಚೇರಿಯೊಂದಕ್ಕೆ ದಿನವೂ ಹೋಗಿಬರುವ ಅವಳಿಗೆ ಅತ್ತೆಯ ಕೆಲಸದ ಬೆಲೆ ಗೊತ್ತಿತ್ತು. ಆದರೆ ಮೂರು ವರ್ಷದ ಮಗಳು ಸಂಯುಕ್ತಾ ಆಡುವುದು ಅದೇ ಅಂಗಳದಲ್ಲಿ.

"ಅತ್ಯಾ, ಹಂಡೆ ಹೋದ್ರ ಹೋಗ್ಲಿ" ಎಂದಳು ಕೊನೆಗೆ. "ಆದ್ರ ಯಾರು ಬರ್ತಾರ ಯಾರು ಹೋಗ್ತಾರ ನಮಗ ಗೊತ್ತಿಲ್ಲ. ನಾ ಆಫೀಸಿನ್ಯಾಗ ಕುಂತರೂ ಮನಸ್ಸೆಲ್ಲಾ ಇಲ್ಲೇ ಇರ್ತದ."

ಗಂಡನ ಮಾತಿಗೆ ಗೋದಾವರಿ ಉತ್ತರ ಹುಡುಕಿಟ್ಟುಕೊಂಡಿದ್ದಳು. ಸೊಸೆಯ ಈ ಮಾತು ಕೇಳಿ ಅವಳು ಮಗುವಿನ ಕಡೆ ನೋಡಿದಳು. ದೀಪಾವಳಿ ಮುಗಿಯಲಿ, ಹಬ್ಬದ ಗದ್ದಲದಲ್ಲಿ ಬಾಗಿಲು ಹಾಕಿದರೆ ಆ ಹೆಂಗಸರು ಎಲ್ಲಿಗೆ ಹೋಗಬೇಕು, ಆಮೇಲೆ ನೋಡೋಣ ಎಂದಳು. ದೀಪಾವಳಿಯವರೆಗೆ ಎಂದು ಎಲ್ಲರೂ ಒಪ್ಪಿಕೊಂಡರು.

ಧನತ್ರಯೋದಶಿಯ ಹಿಂದಿನ ದಿನ. ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿತ್ತಾಳೆ, ಸ್ಟೀಲು, ಬೆಳ್ಳಿಯ ಸಾಮಾನಿಗೆ ಇಡೀ ಶಹರವೇ ಅಲ್ಲಿಗೆ ನುಗ್ಗಿದಂತಿತ್ತು. ಗೋದಾವರಿ ಅಡುಗೆಮನೆಯಲ್ಲಿ ಚಕ್ಕಲಿ ಒತ್ತುತ್ತಿದ್ದಳು. ಪ್ರಾಜಕ್ತಾ ರಜೆಯಲ್ಲಿದ್ದಳು, ಮಗುವನ್ನು ಮಲಗಿಸುತ್ತಿದ್ದಳು. ಓಣಿಯ ಬಾಗಿಲು ದಡಾರನೆ ತೆರೆದದ್ದು, ಅಂಗಳದಲ್ಲಿ ಬಕೆಟ್ಟು ಉರುಳಿದ್ದು, ಪಾಯಖಾನೆಯ ಚಿಲಕ ಬಿದ್ದದ್ದು ಒಂದರ ಹಿಂದೆ ಒಂದು ಕೇಳಿಸಿತು. ಅವಸರವಾಗಿರಬೇಕು ಪಾಪ ಎಂದುಕೊಂಡು ಅವಳು ಎಣ್ಣೆಗೆ ಇನ್ನೊಂದು ಸುತ್ತು ಚಕ್ಕಲಿ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಪಾರ್ವತಿಬಾಯಿ ಅಡುಗೆಮನೆಯ ಕಿಟಕಿಗೆ ಬಂದಳು.

"ಅಕ್ಕಾರ, ಒಳಗ ಒಬ್ಬಾಕಿ ಹೊಕ್ಕಾಳ. ಭಾಳ ಹೊತ್ತಾತು, ಹೊರಗ ಬರವಲ್ಲಳು. ಕರದ್ರ ಓ ಅನ್ನವಲ್ಲಳು."

ಗೋದಾವರಿ ಒಲೆ ಆರಿಸಿ, ಕೈಯ ಹಿಟ್ಟನ್ನೂ ತೊಳೆಯದೆ ಅಂಗಳಕ್ಕೆ ಬಂದಳು. ಬಾಗಿಲು ತಟ್ಟಿದಳು. ಒಳಗೆ ಸದ್ದಿಲ್ಲ. ಕಿವಿಯಿಟ್ಟರೆ ಉಸಿರು ಕೇಳಿಸುತ್ತಿತ್ತು, ಓಡಿ ಬಂದವರ ಉಸಿರು. ಹಿಂದಿಯಲ್ಲಿ ಕೇಳಿದಳು, ತೆಲುಗಿನಲ್ಲಿ ಕೇಳಿದಳು. ಕೊನೆಗೆ ತನಗೆ ತಾನೇ ಎಂಬಂತೆ "ಏನಾಗೈತೋ ಏನೋ ಇದಕ್ಕ" ಎಂದು ಕನ್ನಡದಲ್ಲಿ ಗೊಣಗಿದಾಗ ಒಳಗಿನಿಂದ ಸಣ್ಣ ದನಿ ಬಂತು.

"ಅವ್ವಾ, ನಾ ಇಲ್ಲಿದೀನಂತ ಹೇಳಬ್ಯಾಡ್ರಿ."

ಗೋದಾವರಿ ಪಾರ್ವತಿಬಾಯಿಯ ಮುಖ ನೋಡಿದಳು. ಏನಾದರೂ ಕೇಳಬೇಕೆನ್ನುವಷ್ಟರಲ್ಲಿ ಓಣಿಯಲ್ಲಿ ಗಂಡಸರ ಬೂಟಿನ ಸದ್ದಾಯಿತು. ಹಸಿರು ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಮುಂದಿದ್ದವನು ಇಸ್ತ್ರಿ ಮಾಡಿದ ಬಿಳಿ ಅಂಗಿಯವನು, ನಲವತ್ತರ ಪ್ರಾಯ. ಹಿಂದೆ ಕಾರಿನ ಕೀಲಿ ಹಿಡಿದ ಡ್ರೈವರ್, ಗಟ್ಟಿ ಆಳು.

"ಅಮ್ಮಾ, ಇಧರ್ ಏಕ್ ಲಡ್ಕೀ ಆಯೀ ಕ್ಯಾ?" ಹುಡುಗಿಯೊಬ್ಬಳು ಇತ್ತ ಬಂದಳೇ ಎಂದು ಬಿಳಿ ಅಂಗಿಯವನು ಮೆತ್ತಗೆ ಕೇಳಿದ.

"ದಿನ್ ಭರ್ ಔರತಾಂ ಆತೇ ಜಾತೇ ರಹತೇ ಇಧರ್" ಎಂದಳು ಗೋದಾವರಿ. ದಿನವಿಡೀ ಬಂದುಹೋಗುವ ಹೆಂಗಸರಲ್ಲಿ ಯಾರೆಂದು ಹೇಳಲಿ ಎಂಬಂತೆ ತಲೆಯಾಡಿಸಿದಳು.

ಅವನು ಅವಳ ಭುಜದಾಚೆ ನೋಡಿದ. ಮುಚ್ಚಿದ ಪಾಯಖಾನೆ, ಉರುಳಿದ ಬಕೆಟ್ಟು, ಹರಿಯುತ್ತಿರುವ ನೀರು. ಅವನಿಗೆ ತಿಳಿದುಹೋಯಿತು. ಹಿಂದಿಯಲ್ಲಿ, ಒಂದು ಕಾಲನ್ನು ಹೊಸ್ತಿಲೊಳಗೆ ಇಟ್ಟುಕೊಂಡೇ ವಿಷಯ ಹೇಳಿದ. ಹುಡುಗಿ ತಮ್ಮ ಅತ್ತಿಗೆಯ ಮನೆಯ ಕೆಲಸದವಳು. ಇವತ್ತು ಪಾತ್ರೆ ಹೊರಲು ಜೊತೆಗೆ ಕರೆತಂದಿದ್ದರು. ಅತ್ತಿಗೆಯ ಚಿನ್ನದ ಸರ ಕದ್ದುಕೊಂಡು ಜನರ ನಡುವೆ ಓಡಿಬಂದಿದ್ದಾಳೆ. ನೀವು ಮರ್ಯಾದಸ್ಥರು, ನಿಮಗೆ ತೊಂದರೆ ಬೇಡ. ಕರೆದುಕೊಂಡು ಹೋಗುತ್ತೇವೆ, ಅಷ್ಟೇ.

ಅಷ್ಟರಲ್ಲಿ ಡ್ರೈವರ್ ಗೋದಾವರಿಯನ್ನು ಬಳಸಿಕೊಂಡು ಒಳಗೆ ಬಂದು ಪಾಯಖಾನೆಯ ಬಾಗಿಲಿಗೆ ಗುದ್ದಿದ. ಒಳಗಿನಿಂದ ಬಂದ ಕೂಗಿಗೆ ಮಗು ಎದ್ದು ಅಳತೊಡಗಿತು. ಪ್ರಾಜಕ್ತಾ ಮಗುವನ್ನೆತ್ತಿಕೊಂಡು ಹೊರಗೆ ಬಂದಳು.

"ಅತ್ಯಾ, ಯಾರಿವರು?"

"ಒಳಗ ಹೋಗು. ಕೂಸಿನ್ನ ತಗೊಂಡು ಒಳಗ ಹೋಗಿ ಬಾಗಲಾ ಹಾಕ್ಕೊ" ಎಂದಳು ಗೋದಾವರಿ. ಪ್ರಾಜಕ್ತಾ ಮಗುವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಬಾಗಿಲು ಹಾಕಲಿಲ್ಲ, ಅಲ್ಲೇ ನಿಂತಳು.

ಸದ್ದು ಕೇಳಿ ವೆಂಕಟೇಶ ಬಂದ. ಕಳ್ಳತನ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಬಿಗಿಯಿತು.

"ನಾ ಏನ ಹೇಳಿದ್ದೆ? ಹಂಡೇನೂ ಇಂಥಾ ಯಾರೋ ಒಯ್ದಾರ. ಗೋದಾ, ಕದಾ ತೆಗಸು. ಅವರ ಮಂದಿ, ಅವರ ಹುಡುಗಿ. ನಮಗ್ಯಾಕ ಬೇಕು ಊರ ಉಸಾಬರಿ?"

ಗಂಡ ಹೇಳುವುದರಲ್ಲಿ ತಪ್ಪೇನಿದೆ ಎಂದು ಗೋದಾವರಿಗೂ ಒಂದು ಗಳಿಗೆ ಅನಿಸಿತು. ಒಳಗಿರುವವಳು ಯಾರೆಂದು ತನಗೇನು ಗೊತ್ತು? ಮನೆಯಲ್ಲಿ ಎಳೆಯ ಮಗು, ಬಾಗಿಲಲ್ಲಿ ಇಬ್ಬರು ಗಂಡಸರು. ಚಿಲಕ ತೆಗೆ ಎಂದು ಹೇಳಿಬಿಟ್ಟರೆ ಎಲ್ಲ ಮುಗಿಯುತ್ತದೆ. ಹೇಳಲೆಂದೇ ಅವಳು ಬಾಗಿಲ ಹತ್ತಿರ ಹೋದಳು. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

"ತಂಗಿ, ಯಾವೂರವ್ವಾ ನಿಂದು?"

"ತಾಂಡೂರ ಕಡೀದ್ದರಿ. ಜಗದೇವಿ ಅಂತಾರ."

"ಖರೇ ಹೇಳು. ಸರಾ ತಗೊಂಡೀಯೇನು?"

ಡ್ರೈವರ್ ಮತ್ತೆ ಕೈ ಎತ್ತಿದ. ಗೋದಾವರಿ ಹಿಟ್ಟಿನ ಕೈಯನ್ನು ಅವನ ಎದುರು ಅಡ್ಡ ಹಿಡಿದಳು. ಅವನು ಬಟ್ಟೆಗೆ ಹಿಟ್ಟು ಹತ್ತೀತೆಂದೋ ಏನೋ ಹಿಂದೆ ಸರಿದ.

"ತಗೊಂಡೀನ್ರಿ" ಎಂದಿತು ದನಿ. "ಕಾರಿನ್ಯಾಗ ಬಿಚ್ಚಿ ಇಟ್ಟಿದ್ರು. ಮಾವಿನ ಹಣ್ಣಿನ ದಿನದಾಗ ಬಂದಾಕಿ, ಊರಿಗಿ ಬಿಟ್ಟಿಲ್ರಿ ನನ್ನ. ಫೋನೂ ಕಸಗೊಂಡಾರ. ಅದನ್ನ ಮಾರಿ ಬಸ್ಸಿಗಿ ಹೋಗಬೇಕಂತ ತಗೊಂಡೆ."

ವೆಂಕಟೇಶ ನಿಟ್ಟುಸಿರು ಬಿಟ್ಟ. "ಕೇಳಿದ್ಯಲ್ಲ?"

ಹುಡುಗಿ ಇಲ್ಲ ಎಂದಿದ್ದರೆ ಅವಳ ಪರವಾಗಿ ನಿಲ್ಲುವುದು ಸುಲಭವಾಗುತ್ತಿತ್ತು. ಗೋದಾವರಿ ಬಾಗಿಲಿಗೆ ಬಾಯಿ ಹಚ್ಚಿ, "ಅದನ್ನ ಕೆಳಗಿನ ಸಂದ್ಯಾಗಿಂದ ಹೊರಗ ಸರಸು" ಎಂದಳು. ಬಾಗಿಲ ಕೆಳಗಿನ ಸಂದಿಯಿಂದ ಮೊದಲು ಎರಡು ಬೆರಳು, ಆಮೇಲೆ ಸರ ಹೊರಗೆ ಬಂತು. ಬಿಳಿ ಅಂಗಿಯವನು ಬಗ್ಗಿ ಎತ್ತಿಕೊಂಡ, ಕರವಸ್ತ್ರದಿಂದ ಒರೆಸಿ ಜೇಬಿಗೆ ಹಾಕಿದ. ಆಯಿತಲ್ಲ, ನಿಮ್ಮ ವಸ್ತು ನಿಮಗೆ ಬಂತು, ಇನ್ನು ಹೋಗಿ ಎಂದು ಗೋದಾವರಿ ಹಿಂದಿಯಲ್ಲಿ ಕೇಳಿಕೊಂಡಳು. ಅವನು ಅಲ್ಲಾಡಲಿಲ್ಲ.

"ಅಬ್ ಲಡ್ಕೀ" ಎಂದ.

ಆ ಎರಡು ಶಬ್ದಕ್ಕೆ ಅಂಗಳದಲ್ಲಿ ಏನೋ ಬದಲಾಯಿತು. ವೆಂಕಟೇಶ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ. ಸರ ಸಿಕ್ಕಿತಲ್ಲ, ಇನ್ನು ಹುಡುಗಿ ಯಾಕೆ ಎಂದು ತನ್ನ ಕಚೇರಿಯ ಉರ್ದುವಿನಲ್ಲಿ ಕೇಳಿದ. ಪಾಠ ಕಲಿಸಬೇಕು ಎಂದನವನು. ಪೊಲೀಸರಿಗೆ ಕೊಡುತ್ತೀರಾ ಎಂದ ವೆಂಕಟೇಶ. ಪೊಲೀಸರು ಯಾಕೆ, ಮನೆಯ ಮಾತು ಮನೆಯಲ್ಲೇ ಮುಗಿಸುತ್ತೇವೆ. ಇದನ್ನು ಹೇಳುವಾಗಲೂ ಅವನ ದನಿ ಏರಲಿಲ್ಲ. ವೆಂಕಟೇಶನಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಪೊಲೀಸರಿಗೆ ಫೋನ್ ಮಾಡಿದ. ಮನೆಯ ಗುರುತು ಹೇಳುವಾಗ ಅವನ ನಾಲಿಗೆ ಎರಡು ಸಲ ತೊದಲಿತು. ಪ್ರಾಜಕ್ತಾ ಫೋನು ಇಸಿದುಕೊಂಡು ಉಳಿದದ್ದನ್ನು ತೆಲುಗಿನಲ್ಲಿ ಹೇಳಿದಳು.

"ಹೆಣ್ಣು ಪೊಲೀಸರನ್ನ ಕಳಸಾಕ ಹೇಳು" ಎಂದಳು ಗೋದಾವರಿ.

ಫೋನಿನ ಮಾತು ಕೇಳಿದ ಡ್ರೈವರ್ ಅವಸರ ಮಾಡಿದ. ಬಾಗಿಲಿಗೆ ಭುಜ ಕೊಟ್ಟ. ಹಳೆಯ ತೇಗದ ಬಾಗಿಲು, ಕಿರುಗುಟ್ಟಿತು, ಮುರಿಯಲಿಲ್ಲ. ಗೋದಾವರಿ ಅವನಿಗೂ ಬಾಗಿಲಿಗೂ ನಡುವೆ ನುಗ್ಗಿ ಬೆನ್ನು ಹಚ್ಚಿ ನಿಂತಳು. ಬೆನ್ನಿನ ಹಿಂದೆ ಹಲಗೆಯ ಆ ಕಡೆ ಹುಡುಗಿಯೂ ಒರಗಿ ನಿಂತಿದ್ದಳು. ಅವಳ ನಡುಕ ಹಲಗೆಯ ಮೂಲಕ ಗೋದಾವರಿಯ ಬೆನ್ನಿಗೆ ಮುಟ್ಟುತ್ತಿತ್ತು.

ಪಾರ್ವತಿಬಾಯಿ ಎಲ್ಲಿ ಹೋದಳೋ ಗೊತ್ತಿರಲಿಲ್ಲ. ಈಗ ಬಂದಳು, ತಲೆಯ ಮೇಲೆ ಬುಟ್ಟಿ, ಹಿಂದೆ ನಾಲ್ಕಾರು ಹೆಂಗಸರು. ಅವಳು ಏನೂ ಹೇಳದೆ ಹಸಿರು ಬಾಗಿಲಿನ ನಡುವೆ ಬುಟ್ಟಿ ಇಳಿಸಿ, ಅದರ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಒಳಗಿದ್ದ ಇಬ್ಬರೂ ಅವಳನ್ನು ದಾಟದೆ ಹುಡುಗಿಯನ್ನು ಎಳೆದೊಯ್ಯುವಂತಿರಲಿಲ್ಲ. ಗೋದಾಮಿನಲ್ಲಿ ಗೋಡಂಬಿ ಆರಿಸುವ ಇಬ್ಬರು ಬಿಳಿ ಅಂಗಿಯವನ ಮುಖ ನೋಡಿದವರೇ ಸೆರಗು ಮುಖಕ್ಕೆಳೆದುಕೊಂಡು ಹೊರಟುಹೋದರು. ಅವನು ಗೋದಾಮಿನ ಮಾಲೀಕರ ಪರಿಚಯದವನು, ಅವರಿಗೆ ಕೆಲಸ ಹೋದೀತೆಂಬ ಭಯ. ಉಳಿದವರು ಓಣಿಯಲ್ಲಿ ನಿಂತರು. ಹೊಸದಾಗಿ ಬಂದ ಗಿರಾಕಿ ಹೆಂಗಸರು ಏನಾಯಿತೆಂದು ಕೇಳಿ ಅವರೂ ನಿಂತರು.

"ಏಯ್, ಹಟ್ ಜಾ" ಎಂದ ಡ್ರೈವರ್.

"ನಮ್ಮ ಅಕ್ಕಾರ ಮನಿ ಇದು. ಅವರು ಏಳು ಅಂದ್ರ ಏಳ್ತೀನಿ" ಎಂದಳು ಪಾರ್ವತಿಬಾಯಿ. ಅವನಿಗೆ ಕನ್ನಡ ತಿಳಿಯುವುದಿಲ್ಲವೆಂಬುದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅವನು ಬುಟ್ಟಿಗೆ ಒದ್ದ. ನಿಂಬೆಹಣ್ಣು ಓಣಿಯ ತುಂಬ ಉರುಳಿದವು. ಯಾರೂ ಆರಿಸಲು ಬಗ್ಗಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ.

ಪೊಲೀಸರು ಬರುವಷ್ಟರಲ್ಲಿ ಕಾರಿನಲ್ಲಿ ಕಾಯುತ್ತಿದ್ದ ಅತ್ತಿಗೆ, ಜಗದೇವಿಯ ಮನೆಯೊಡತಿಯೂ ಬಂದಳು. ರೇಷ್ಮೆಯ ಸೀರೆ, ಕಣ್ಣಲ್ಲಿ ನೀರು. ಮಗಳಂತೆ ನೋಡಿಕೊಂಡೆ, ನನಗೇ ಹೀಗೆ ಮಾಡಿದಳು ಎಂದು ಮಹಿಳಾ ಕಾನ್‌ಸ್ಟೆಬಲ್ ಎದುರು ಅತ್ತಳು. ಆ ಅಳು ಸುಳ್ಳೆಂದು ಗೋದಾವರಿಗೆ ಅನಿಸಲಿಲ್ಲ. ಅದೇ ಅವಳನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತು. ಕಾನ್‌ಸ್ಟೆಬಲ್ ಬಾಗಿಲು ತಟ್ಟಿದರೆ ಜಗದೇವಿ ತೆಗೆಯಲಿಲ್ಲ.

"ನಾ ಇಲ್ಲೇ ಅದೀನವ್ವಾ. ತೆಗಿ" ಎಂದಳು ಗೋದಾವರಿ.

ಚಿಲಕ ಸರಿಯಿತು. ಇಪ್ಪತ್ತರ ಹುಡುಗಿ, ಬೆವರಿನಲ್ಲಿ ತೊಯ್ದಿದ್ದಳು. ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿದ್ದ ಕುಪ್ಪಸ ತೊಟ್ಟಿದ್ದಳು. ಕಾನ್‌ಸ್ಟೆಬಲ್ ಕೈ ಹಿಡಿದಾಗ ಹುಡುಗಿ ಹಲ್ಲು ಕಚ್ಚಿ ಮುಖ ಕಿವುಚಿದಳು. ಕಾನ್‌ಸ್ಟೆಬಲ್ ಮೆಲ್ಲಗೆ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯ ಕೆಳಗೆ ಇಸ್ತ್ರಿ ಪೆಟ್ಟಿಗೆಯ ಚೂಪಾದ ತುದಿಯ ಆಕಾರದ ಸುಟ್ಟ ಗಾಯ, ಅದರ ಪಕ್ಕದಲ್ಲಿ ಮಾಗಿದ ಇನ್ನೊಂದು. ಮನೆಯೊಡತಿಯ ಅಳು ನಿಂತಿತು. ವೆಂಕಟೇಶ ಮುಖ ತಿರುಗಿಸಿಕೊಂಡ.

ಠಾಣೆಗೆ ಹೊರಡುವಾಗ ಜಗದೇವಿ ಗೋದಾವರಿಯ ಸೆರಗು ಬಿಡಲಿಲ್ಲ. ಗೋದಾವರಿ ಅದೇ ಎಣ್ಣೆ ಮೆತ್ತಿದ ಸೀರೆಯಲ್ಲಿ, ಉಗುರಿನ ಸಂದಿಯ ಹಿಟ್ಟಿನೊಂದಿಗೆ ಪೊಲೀಸ್ ಜೀಪು ಹತ್ತಿದಳು. ಇಡೀ ಬಜಾರು ನೋಡಿತು. ವೆಂಕಟೇಶ ಆಟೋ ಹಿಡಿದು ಹಿಂದೆ ಬಂದ. ಠಾಣೆಯ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಒಮ್ಮೆ ಅವನು ಎದ್ದು ಹೋಗಿ ಬಿಸ್ಕೀಟಿನ ಪೊಟ್ಟಣ ಮತ್ತು ನೀರಿನ ಬಾಟಲಿ ತಂದು ಹುಡುಗಿಯ ಪಕ್ಕದಲ್ಲಿಟ್ಟ. ಸಂಜೆಯ ರೈಲಿಗೆ ಜಗದೇವಿಯ ತಾಯಿ ಬಂದಳು. ಪೊಲೀಸರು ಎರಡೂ ಕಡೆಯ ದೂರು ಬರೆದುಕೊಂಡರು. ಸುಟ್ಟ ಗಾಯದ್ದೊಂದು, ಸರ ಕದ್ದದ್ದೊಂದು. ಎರಡರಲ್ಲೂ ಸಾಕ್ಷಿ ಗೋದಾವರಿ.

ಅಲ್ಲಿಂದ ಮನೆಯ ನೆಮ್ಮದಿ ಕೆಟ್ಟಿತು. ದೀಪಾವಳಿಯ ಪಾಡ್ಯದ ಬೆಳಗ್ಗೆ ತೊಳೆಯಲು ಹೋದರೆ ನೀರು ಹೋಗದೆ ಅಂಗಳಕ್ಕೆ ಹೊಲಸು ಉಕ್ಕಿತು. ಓಣಿಯ ಕೊಳವೆಯೊಳಗೆ ಯಾರೋ ಸಿಮೆಂಟು ಸುರಿದಿದ್ದರು. ಯಾರು ಎಂದು ಹೇಳಲು ಸಾಕ್ಷಿಯಿರಲಿಲ್ಲ. ಗೊತ್ತಿಲ್ಲದ ನಂಬರುಗಳಿಂದ ಫೋನ್ ಬರತೊಡಗಿದವು, ಎತ್ತಿದರೆ ಮಾತಿಲ್ಲ. ಆಶಿಷ್ ಸಿಟ್ಟಾದ. ತಾಯಿಯ ಮೇಲಲ್ಲ ಎಂದು ಹೇಳುತ್ತಲೇ ತಾಯಿಯ ಮೇಲೆ ರೇಗಿದ.

"ಅವ್ವಾ, ನೀ ಮಾಡೂದು ಮಾಡಿದಿ. ಆ ಹುಡುಗಿ ಊರು ಮುಟ್ಟಿದಳು. ಇನ್ನ ಕೋರ್ಟು ಗೀರ್ಟು ಅಂತ ಯಾಕ? ನಾಳೆ ಸಂಯುಕ್ತಾಗ ಏನರೆ ಆದ್ರ?"

ಆ ಹೆಸರು ಕೇಳಿದರೆ ಗೋದಾವರಿಗೆ ಊಟ ಇಳಿಯುತ್ತಿರಲಿಲ್ಲ. ಮಗು ಕಣ್ಣಿಗೆ ಬೀಳದಿದ್ದರೆ ಮನೆಯೆಲ್ಲ ಹುಡುಕುವಳು. ಆ ದಿನಗಳಲ್ಲೇ ಬಿಳಿ ಅಂಗಿಯವನು ಒಂದು ಮಿಠಾಯಿ ಪೆಟ್ಟಿಗೆ ಹಿಡಿದುಕೊಂಡು ಮುಂಬಾಗಿಲಿಗೆ ಬಂದ. ಕೂತು, ನೀರು ಕುಡಿದು, ವಿನಯದಿಂದಲೇ ಮಾತಾಡಿದ. ಸರದ ದೂರನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ಹುಡುಗಿಗೂ ಒಳ್ಳೆಯದು. ನೀವು ಗಾಯ ಸರಿಯಾಗಿ ನೋಡಲಿಲ್ಲ ಎಂದರೆ ಸಾಕು. ವಯಸ್ಸಾದವರಿಗೆ ಕಣ್ಣು ಮಂಜಾಗುವುದು ಸಹಜವೇ ಅಲ್ಲವೆ.

ಗೋದಾವರಿ ಗಂಡನ ಕಡೆ ನೋಡಿದಳು. ವೆಂಕಟೇಶ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮಡಿಲಲ್ಲಿಟ್ಟ.

"ನಮ್ಮ ಮನೆಯಲ್ಲಿ ಕಣ್ಣು ಎಲ್ಲರಿಗೂ ಸರಿಯಾಗಿವೆ" ಎಂದ ಉರ್ದುವಿನಲ್ಲಿ. ಅವನು ಹೋದ ಮೇಲೆ ವೆಂಕಟೇಶ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ.

ಬಾಗಿಲಿನ ಪ್ರಶ್ನೆಗೆ ದಾರಿ ತೋರಿಸಿದವಳು ಪ್ರಾಜಕ್ತಾ. ಅಂಗಳಕ್ಕೂ ಮನೆಗೂ ನಡುವೆ ಕಬ್ಬಿಣದ ಜಾಲರಿಯ ಬಾಗಿಲೊಂದನ್ನು ಮಾಡಿಸಿ, ಮಾವ ತಂದ ಬೀಗವನ್ನು ಅದಕ್ಕೆ ಹಾಕಿಸಿದಳು. ಮಗುವಿನ ಆಟ ಮಾಳಿಗೆಗೆ ಏರಿತು. ಕೊಳವೆ ಒಡೆದು ಹೊಸದು ಹಾಕುವವರೆಗೆ ಪಾರ್ವತಿಬಾಯಿಯಂಥವರಿಗೆ ಮನೆಯೊಳಗಿನ ಪಾಯಖಾನೆಯೇ ಆಯಿತು. ಆಶಿಷ್ ಹುಬ್ಬು ಗಂಟಿಕ್ಕಿದ, ಆದರೆ ಮೇಸ್ತ್ರಿಯನ್ನು ಕರೆತಂದವನೂ ಅವನೇ.

ಸಾಕ್ಷಿ ಹೇಳುವ ದಿನ ಬಂದಾಗ ಬೇಸಿಗೆ ಶುರುವಾಗಿತ್ತು. ಪ್ರಾಜಕ್ತಾ ರಜೆ ಹಾಕಿ ಅತ್ತೆಯ ಜೊತೆ ಬಂದಳು. ಕಟಕಟೆಯ ಹತ್ತಿರ ಹೋಗುವಾಗ ಗೋದಾವರಿಗೆ ತನ್ನ ಚಪ್ಪಲಿಯ ಸದ್ದೂ ಜೋರೆನಿಸಿತು. ಆ ಕಡೆಯ ವಕೀಲ ಕೇಳಿದ್ದಕ್ಕೆಲ್ಲ ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಾಯ ನೋಡಿದೆ, ಎಲ್ಲಿತ್ತು, ಹೇಗಿತ್ತು. ಹುಡುಗಿ ಸರ ತೆಗೆದುಕೊಂಡದ್ದು ನಿಜವೇ ಎಂದು ಅವನು ಕೇಳಿದ. ಕೋಣೆಯ ಇನ್ನೊಂದು ತುದಿಯಲ್ಲಿ ಜಗದೇವಿ ತಲೆ ತಗ್ಗಿಸಿ ನಿಂತಿದ್ದಳು. ಗೋದಾವರಿ ಅವಳನ್ನೊಮ್ಮೆ ನೋಡಿ ಹೇಳಿದಳು.

"ನಿಜ. ಕೇಳಿದ ಕೂಡಲೇ ಒಪ್ಪಿಕೊಂಡಳು, ಹೇಳಿದ ಕೂಡಲೇ ಕೊಟ್ಟಳು. ಕೊಟ್ಟ ಮೇಲೂ ಅವರು ಅವಳನ್ನು ಬಿಡಲಿಲ್ಲ."

ಹೊರಗೆ ಬೇವಿನ ಮರದ ಕೆಳಗೆ ಜಗದೇವಿಯ ತಾಯಿ ಅವಳನ್ನು ತಡೆದು ನಿಲ್ಲಿಸಿದಳು. ತಾಂಡೂರಿನ ದಾಲ್ ಮಿಲ್ಲಿನಲ್ಲಿ ದುಡಿಯುವ ಗಟ್ಟಿ ಕೈಗಳ ಹೆಂಗಸು. ಕಣ್ಣಲ್ಲಿ ಸಿಟ್ಟಿತ್ತು.

"ಸರಾ ತಗೊಂಡಿದ್ದು ಯಾಕ ಹೇಳಿದ್ರಿ? ಅಷ್ಟ ಮಾಡಿದವರು ಇಷ್ಟ ಮುಚ್ಚಬಾರದೇನ್ರಿ?"

ಪ್ರಾಜಕ್ತಾ ಏನೋ ಹೇಳಹೋದಳು. ಗೋದಾವರಿ ಅವಳ ಕೈ ಒತ್ತಿದಳು.

"ಅದೊಂದು ಮುಚ್ಚಿದ್ರ, ಅವರು ಉಳದದ್ದೂ ಸುಳ್ಳ ಅಂತಿದ್ರವ್ವಾ. ನಿನ್ನ ಮಗಳ ಕೈ ನಾ ನೋಡೀನಿ. ಅದನ್ನ ಸುಳ್ಳ ಅನ್ನಾಕ ಯಾರಿಗೂ ಬಿಡಬಾರದಂತ ಹೇಳಿದೆ. ತಪ್ಪಾಗಿದ್ರ ನನ್ನ ಮ್ಯಾಲ ಸಿಟ್ಟ ಇರಲಿ."

ಜಗದೇವಿ ತಾಯಿಯ ಹಿಂದೆ ಬಂದು ನಿಂತಳು, ಅರ್ಧ ತೋಳಿನ ಕುಪ್ಪಸ ತೊಟ್ಟಿದ್ದಳು. ಗಾಯದ ಜಾಗದಲ್ಲಿ ಚರ್ಮ ಗುಲಾಬಿಯಾಗಿ ಹೊಳೆಯುತ್ತಿತ್ತು. ತೀರ್ಪು ಯಾವಾಗಲೋ, ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ವಕೀಲರು ಇನ್ನೂ ಮೂರ್ನಾಲ್ಕು ತಾರೀಕು ಆಗಬಹುದೆಂದಿದ್ದರು. ತಾಯಿ ಗೇಟಿನ ಕಡೆ ಹೊರಟಳು. ಹೋಗಿಬಿಟ್ಟಳೆಂದೇ ಗೋದಾವರಿ ತಿಳಿದಳು. ಆದರೆ ಅವಳು ಗೇಟಿನ ಬಳಿಯ ಚಹಾದ ಬಂಡಿಯ ಹತ್ತಿರ ನಿಂತು, ಎರಡೂ ಕೈಯಲ್ಲಿ ಗ್ಲಾಸುಗಳನ್ನು ಕಷ್ಟಪಟ್ಟು ಹಿಡಿದುಕೊಂಡು, ಜನರ ನಡುವೆ ತುಳುಕದಂತೆ ನಡೆದು ಬಂದಳು. ಮೊದಲ ಗ್ಲಾಸನ್ನು ಗೋದಾವರಿಯ ಮುಂದೆ ಹಿಡಿದಳು.

"ಕುಡೀರಿ. ಮುಂಜಾನಿಂದ ನಿಂತೀರಿ."

ಬಿಸಿ ಚಹಾ, ಭಾರೀ ಸಿಹಿ. ಗೋದಾವರಿ ಸಕ್ಕರೆ ಬಿಟ್ಟು ವರ್ಷಗಳಾಗಿದ್ದವು. ಪ್ರಾಜಕ್ತಾ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ಗೋದಾವರಿ ನೋಡಿಯೂ ನೋಡದಂತೆ ಮರಕ್ಕೆ ಒರಗಿ, ಆ ತಾಯಿಯ ಪಕ್ಕದಲ್ಲೇ ನಿಂತು ಗ್ಲಾಸು ಖಾಲಿ ಮಾಡಿದಳು.